ಬಿರುಕುಗಳಲ್ಲಿ ನೀರಿನ ಸಂಚಾರ: ಹಿಮನದಿಯೂ ಎರೆಭೂಮಿಯೂ

ಏಪ್ರಿಲ್ ತಿಂಗಳ ಕೊನೆಯ ಒಂದು ಮುಂಜಾನೆ ನಾವು ನವಲಗುಂದದಿಂದ ಯಮನೂರಿನ ಕಡೆಗೆ ಹೊಲಗಳ ನಡುವಿನ ದಾರಿ ಹಿಡಿದು ನಡೆಯುತ್ತಿದ್ದೆವು. ಹಿಂಗಾರಿಯ ಜೋಳ, ಕಡಲೆ, ಕುಸುಬೆಗಳ ಸುಗ್ಗಿ ಮುಗಿದು ಬಹಳ ದಿನಗಳಾಗಿದ್ದವು. ಕಣ್ಣು ಹಾಯುವವರೆಗೂ ಬರಿದಾದ ಕಪ್ಪು ಬಯಲು. ಅದರ ಮೈಮೇಲೆಲ್ಲ ಬಲೆಯನ್ನು ಹರಡಿದಂತೆ ಬಿರುಕುಗಳು. ಕೆಲವು ಬೆರಳು ತೂರುವಷ್ಟು ಕಿರಿದು, ಕೆಲವು ಅಂಗೈ ಇಳಿಯುವಷ್ಟು ಅಗಲ. ಜೊತೆಗಿದ್ದ ವಯಸ್ಸಾದ ರೈತರೊಬ್ಬರು ತಮ್ಮ ಕೈಯ ಬಡಿಗೆಯನ್ನು ಒಂದು ಬಿರುಕಿನೊಳಕ್ಕೆ ಇಳಿಬಿಟ್ಟರು. ಮೂರಡಿಯ ಬಡಿಗೆ ಅವರ ಮುಷ್ಟಿಯವರೆಗೂ ಇಳಿದು ನಿಂತಿತು. “ಎರಿ ಬಾಯಿ ಬಿಟ್ಟೈತ್ರಿ” ಎಂದರು ಅವರು. “ಬಾಯಿ ಬಿಟ್ಟಾಗನ ನೀರು ಕುಡೀಬೇಕ್ರಿ ಅದು. ಒಮ್ಮೆ ಬಾಯಿ ಮುಚ್ಚಿತು ಅಂದ್ರ ಎಷ್ಟು ಮಳಿ ಸುರದ್ರೂ ಹಳ್ಳದ ಪಾಲ್ರಿ.”

ಈ ಎರಡು ಮಾತುಗಳಲ್ಲಿ ಒಂದು ದೊಡ್ಡ ಭೌತಶಾಸ್ತ್ರದ ಪ್ರಶ್ನೆ ಅಡಗಿದೆ. ಮೇ ತಿಂಗಳ ಕೊನೆಗೆ ಬೀಳುವ ರೋಹಿಣಿ ಮಳೆಯನ್ನು ಹನಿ ಬಿಡದೆ ನುಂಗುವ ಹೊಲವೇ ಸೆಪ್ಟೆಂಬರಿನ ಉತ್ತರಾ ಮಳೆಯನ್ನು ಒಲ್ಲೆನೆಂದು ಹಳ್ಳಕ್ಕೆ ಅಟ್ಟುತ್ತದೆ. ಮಣ್ಣು ಅದೇ, ನೀರು ಅದೇ, ನೆಲದ ಇಳಿಜಾರೂ ಅದೇ. ಬದಲಾದುದು ನೀರಿನ ದಾರಿ ಮಾತ್ರ. ಆ ದಾರಿ ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ ಎಂಬುದರ ಮೇಲೆ ನವಲಗುಂದದ ಬೆಳೆ, ಅಲ್ಲಿಯ ಬಾವಿಗಳ ರುಚಿ, ಬೆಣ್ಣೆಹಳ್ಳದ ಮಹಾಪೂರ ಎಲ್ಲವೂ ನಿಂತಿವೆ.

ಇದನ್ನು ಅರಿಯುವುದಕ್ಕೆ ನಾವು ವಾಚಕರನ್ನು ಮೊದಲು ತೀರ ಬೇರೆಯಾದ ಒಂದು ಪ್ರದೇಶಕ್ಕೆ, ಹಿಮಾಲಯದ ಹಿಮನದಿಗಳಿಗೆ, ಕರೆದೊಯ್ಯಬೇಕಾಗಿದೆ. ಸುಡುವ ಎರೆಬಯಲಿಗೂ ಹೆಪ್ಪುಗಟ್ಟಿದ ಪರ್ವತಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ತನ್ನ ಮೈಯಲ್ಲಿ ನೀರಿಗೆ ಎಡೆಗೊಡದ ಒಂದು ವಸ್ತು, ಅದರಲ್ಲಿ ಸೀಳುಗಳು, ಆ ಸೀಳುಗಳೊಳಗೆ ಹರಿಯುವ ನೀರು: ಎರಡೂ ಕಡೆ ಸಂಗತಿ ಇಷ್ಟೇ. ಮುಂದೆ ನಡೆಯುವುದು ಮಾತ್ರ ಒಂದಕ್ಕೊಂದು ತಿರುಗುಮುರುಗು.

ಹಿಮನದಿಯೆಂದರೆ ನಿಂತ ಹಿಮದ ರಾಶಿಯಲ್ಲ. ತನ್ನ ಭಾರಕ್ಕೆ ತಾನೇ ಕೆಳಗೆ ಜರಿಯುತ್ತಿರುವ ಗಡ್ಡೆಯ ಪ್ರವಾಹ. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರು ಉದ್ದವಾಗಿದ್ದು, ಅದರ ಮೂತಿಯಾದ ಗೋಮುಖದಿಂದ ಭಾಗೀರಥಿ ಹೊರಬೀಳುತ್ತಾಳೆ. ಮೇಲ್ಭಾಗದಲ್ಲಿ ವರ್ಷವರ್ಷವೂ ಬಿದ್ದ ಹಿಮ ಕೆಳಗಿನ ಪದರಗಳನ್ನು ಒತ್ತಿ ಒತ್ತಿ, ಮೊದಲು ಸಕ್ಕರೆಯಂತಹ ಹರಳುಗಳಾಗಿ, ಆಮೇಲೆ ಗಟ್ಟಿಯಾದ ಹಿಮಗಡ್ಡೆಯಾಗಿ ಮಾರ್ಪಡುತ್ತದೆ. ಬೇಸಗೆಯ ಬಿಸಿಲಿಗೆ ಮೇಲ್ಮೈ ಕರಗಿದಾಗ ನೀರು ಹರಳುಹಿಮದ ಮೂಲಕ ಮರಳಿನಲ್ಲಿ ಇಳಿದಂತೆ ಇಳಿಯುತ್ತದೆ. ಮರಳಿನಲ್ಲಿ ನೀರಿಳಿಯುವ ನಿಯಮವನ್ನು ಫ್ರಾನ್ಸಿನ ದಿಜಾಂ ನಗರದ ನೀರು ಸರಬರಾಯಿಯ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಒತ್ತಡದ ಇಳಿಜಾರು ಇಮ್ಮಡಿಯಾದರೆ ಹರಿವೂ ಇಮ್ಮಡಿಯಾಗುತ್ತದೆಂಬ ಸರಳ ನಿಯಮವದು. ಹರಳುಹಿಮಕ್ಕೆ ಅದು ಬಲುಮಟ್ಟಿಗೆ ಸಲ್ಲುತ್ತದೆ.

ಗಟ್ಟಿ ಹಿಮಗಡ್ಡೆಯ ವಿಚಾರ ಹಾಗಲ್ಲ. ಅದರಲ್ಲಿ ನೀರು ನುಸುಳುವಂತಹ ರಂಧ್ರಗಳು ಇಲ್ಲವೆಂದೇ ಹೇಳಬೇಕು. ಆದರೂ ಮೇಲೆ ಕರಗಿದ ನೀರೆಲ್ಲ ಮೇಲೆಯೇ ಹರಿದು ಬರುವುದಿಲ್ಲ. ಬಹುಪಾಲು ನಡುದಾರಿಯಲ್ಲಿ ಮಾಯವಾಗಿ ಮೂತಿಯ ಗುಹೆಯಿಂದ ಭೋರ್ಗರೆಯುತ್ತ ಹೊರಬರುತ್ತದೆ. ಮಾಯವಾಗುವ ಜಾಗಗಳೇ ಬಿರುಕುಗಳು. ಹಿಮನದಿ ಬಂಡೆಯ ದಿಣ್ಣೆಯನ್ನು ದಾಟುವಾಗ, ತಿರುವಿನಲ್ಲಿ ಹೊರಳುವಾಗ ಅದರ ಮೇಲ್ಭಾಗ ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ತೊರೆಯೊಂದು ಅಂತಹ ಸೀಳಿಗೆ ಬಿದ್ದಿತೆಂದರೆ ಕ್ರಮೇಣ ಅಲ್ಲಿ ಬಾವಿಯಂತಹ ಕೊಳವೆಯನ್ನು ಕೊರೆಯುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಲೂಯಿ ಅಗಾಸಿ 1841ರಲ್ಲಿ ಉಂಟರಾರ್ ಹಿಮನದಿಯ ಇಂತಹ ಒಂದು ಬಾವಿಯೊಳಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದನು. ನೂರಡಿಗೂ ಹೆಚ್ಚು ಆಳದಲ್ಲಿ ಅವನ ಕಾಲು ತಣ್ಣೀರಿಗೆ ಮುಳುಗಿದ ಮೇಲೆಯೇ ಮೇಲಿನವರಿಗೆ ಅವನ ಕೂಗು ಅರ್ಥವಾಗಿ ಎಳೆದುಕೊಂಡರಂತೆ. ವಿಜ್ಞಾನಕ್ಕಾಗಿ ಬಾವಿಗೆ ಬಿದ್ದವರ ಪಟ್ಟಿಯಲ್ಲಿ ಅವನಿಗೆ ಮೊದಲ ಸ್ಥಾನ ಸಲ್ಲಬೇಕು.

ಒಣ ಬಿರುಕು ಹಿಮಗಡ್ಡೆಯಲ್ಲಿ ಸಾಮಾನ್ಯವಾಗಿ 30 ಮೀಟರಿನ ಆಚೀಚೆಗೆ ನಿಂತುಬಿಡುತ್ತದೆ. ಅದಕ್ಕಿಂತ ಆಳದಲ್ಲಿ ಮೇಲಿನ ಭಾರಕ್ಕೆ ಹಿಮಗಡ್ಡೆ ಮೇಣದಂತೆ ಹರಿದು ಸೀಳನ್ನು ಮುಚ್ಚುತ್ತದೆ. ಆದರೆ ಬಿರುಕು ನೀರಿನಿಂದ ತುಂಬಿದ್ದರೆ ಕಥೆ ಬೇರೆಯಾಗುತ್ತದೆ. ಒಂದು ಘನಮೀಟರು ಹಿಮಗಡ್ಡೆಯ ತೂಕ ಸುಮಾರು 917 ಕಿಲೋಗ್ರಾಂ, ನೀರಿನದು 1000. ಆದಕಾರಣ ಯಾವ ಆಳದಲ್ಲಿಯೇ ಆಗಲಿ, ಬಿರುಕನ್ನು ಮುಚ್ಚಲು ಯತ್ನಿಸುವ ಹಿಮಗಡ್ಡೆಯ ಒತ್ತಡಕ್ಕಿಂತ ಅದನ್ನು ಅಗಲಿಸಲು ಯತ್ನಿಸುವ ನೀರಿನ ಒತ್ತಡವೇ ಒಂದು ಕೈ ಮೇಲು. ನೀರಿನ ಪೂರೈಕೆ ನಿಲ್ಲದಿದ್ದರೆ ಬಿರುಕಿನ ತುದಿ ಕೆಳಗೆ ಕೆಳಗೆ ಸೀಳುತ್ತ ತಳದ ಬಂಡೆಯನ್ನೇ ಮುಟ್ಟಬಲ್ಲುದು. 2006ರ ಜುಲೈಯಲ್ಲಿ ಗ್ರೀನ್‌ಲೆಂಡಿನ ಹಿಮಹಾಸಿನ ಮೇಲಿದ್ದ ಒಂದು ಸರೋವರ ಹೀಗೆ ಸುಮಾರು ಒಂದು ಕಿಲೋಮೀಟರು ದಪ್ಪದ ಹಿಮಗಡ್ಡೆಯನ್ನು ಸೀಳಿಕೊಂಡು ಬರಿದಾಯಿತು. ಸುಮಾರು 4 ಕೋಟಿ 40 ಲಕ್ಷ ಘನಮೀಟರು ನೀರು ಒಂದೂವರೆ ಗಂಟೆಯೊಳಗೆ ಕೆಳಕ್ಕೆ ಧುಮುಕಿದ್ದನ್ನು ಅಳತೆಯ ಸಾಧನಗಳು ದಾಖಲಿಸಿದವು.

ಒಳಕ್ಕೆ ಇಳಿದ ನೀರು ಅಲ್ಲಿ ಸುಮ್ಮನಿರುವುದಿಲ್ಲ. ಹರಿಯುವ ನೀರು ಗೋಡೆಗೆ ಉಜ್ಜಿ ಶಾಖವನ್ನು ಹುಟ್ಟಿಸುತ್ತದೆ. ಒಂದು ಲೀಟರು ನೀರು 100 ಮೀಟರು ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 3 ಗ್ರಾಂ ಹಿಮಗಡ್ಡೆಯನ್ನು ಕರಗಿಸಲು ಸಾಕು. ಮೂರು ಗ್ರಾಂ ಎಂದರೆ ಏನು ಮಹಾ ಎನಿಸಬಹುದು. ಆದರೆ ಸೆಕೆಂಡಿಗೆ ಒಂದು ಸಾವಿರ ಲೀಟರು ಹರಿಯುವ ತೊರೆ ಸೆಕೆಂಡಿಗೆ 3 ಕಿಲೋಗ್ರಾಂ ಗೋಡೆಯನ್ನು ತಿನ್ನುತ್ತದೆ. ದಿನಕ್ಕೆ 250 ಟನ್ನಿಗೂ ಮಿಗಿಲು. ಹೀಗೆ ಸುರಂಗ ಹಿಗ್ಗುತ್ತದೆ. ಇತ್ತ ಹಿಮಗಡ್ಡೆ ಮೆಲ್ಲನೆ ಹರಿದುಬಂದು ಸುರಂಗವನ್ನು ಕುಗ್ಗಿಸುತ್ತದೆ. ಈ ಎರಡರ ಜಗ್ಗಾಟವನ್ನು ಗಣಿತಕ್ಕೆ ಇಳಿಸಿದವನು ಸ್ವಿಟ್ಜರ್ಲೆಂಡಿನ ಹಾನ್ಸ್ ರ್ಯೋಥ್ಲಿಸ್‌ಬರ್ಗರ್. ಅವನ ಪ್ರಬಂಧ 1972ರಲ್ಲಿ ಪ್ರಕಟವಾಯಿತು. ಅದರಿಂದ ಹೊರಟ ಒಂದು ಫಲಿತಾಂಶ ಸೋಜಿಗದ್ದು: ಹೆಚ್ಚು ನೀರು ಹರಿಯುವ ಸುರಂಗದಲ್ಲಿ ಒತ್ತಡ ಕಡಿಮೆ. ಆದುದರಿಂದ ದೊಡ್ಡ ಸುರಂಗ ಅಕ್ಕಪಕ್ಕದ ಚಿಕ್ಕವುಗಳ ನೀರನ್ನು ತನ್ನ ಕಡೆಗೆ ಸೆಳೆದುಕೊಂಡು ಇನ್ನಷ್ಟು ದೊಡ್ಡದಾಗುತ್ತದೆ. ಬೇಸಗೆಯ ಆರಂಭದಲ್ಲಿ ತಳದಲ್ಲಿ ಇಕ್ಕಟ್ಟಾದ ಪೊಳ್ಳುಗಳು ಮಾತ್ರ ಇರುವುದರಿಂದ ನೀರು ಸಿಕ್ಕಿಹಾಕಿಕೊಂಡು ಒತ್ತಡ ಏರುತ್ತದೆ, ಹಿಮನದಿ ಆ ನೀರಿನ ಮೇಲೆ ಜಾರಿ ಬೇಗ ಮುಂದರಿಯುತ್ತದೆ. ಬೇಸಗೆಯ ಕೊನೆಗೆ ಸುರಂಗಗಳ ಜಾಲ ಸಿದ್ಧವಾಗಿ, ಹೆಚ್ಚು ನೀರು ಹರಿದರೂ ಹಿಮನದಿಯ ವೇಗ ತಗ್ಗುತ್ತದೆ. ಬಾವಿಯ ಬಾಯಿಗೆ ಬಣ್ಣ ಸುರಿದು, ಅದು ಮೂತಿಯಲ್ಲಿ ಕಾಣಿಸಿಕೊಳ್ಳಲು ಹಿಡಿದ ಕಾಲವನ್ನು ಅಳೆದು ಈ ಬದಲಾವಣೆಯನ್ನು ಪತ್ತೆಹಚ್ಚುತ್ತಾರೆ.

ಇದು ಬರಿಯ ಕುತೂಹಲದ ವಿಷಯವಲ್ಲ. 2023ರ ಅಕ್ಟೋಬರ್ ಮೊದಲ ವಾರದಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಹಿಮಸರೋವರ ಒಡೆದು ತೀಸ್ತಾ ಕಣಿವೆಯನ್ನು ಕೊಚ್ಚಿಕೊಂಡು ಹೋದುದನ್ನು ವಾಚಕರು ಮರೆತಿರಲಾರರು. ಹಿಮಗಡ್ಡೆಯ ದಪ್ಪವನ್ನೂ ಮುಂದೆ ಸರೋವರಗಳು ಹುಟ್ಟಬಹುದಾದ ತಗ್ಗುಗಳನ್ನೂ ಉಪಗ್ರಹ ಚಿತ್ರಗಳಿಂದ ಅಂದಾಜು ಮಾಡುವ ಕೆಲಸ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ನಡೆದಿದೆ. ಹಿಮವನ್ನೇ ಕಾಣದ ನಾಡಿನಲ್ಲಿ ಕುಳಿತು ಹಿಮದ ಲೆಕ್ಕ ಹಾಕುತ್ತಿದ್ದಾರೆ ಎಂದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ನೀರಿನ ನಿಯಮಗಳಿಗೆ ಊರು-ಕೇರಿಗಳಿಲ್ಲ.

ಇನ್ನು ನವಲಗುಂದಕ್ಕೆ ಹಿಂದಿರುಗೋಣ.

ಎರೆಮಣ್ಣಿನ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅದು ಕಲ್ಲಿನಷ್ಟು ಗಟ್ಟಿ. ಅದನ್ನು ನೀರಿಗೆ ಹಾಕಿ ಮರುದಿನ ಮುಟ್ಟಿದರೆ ಬೆಣ್ಣೆ. (ಬೆಣ್ಣೆಹಳ್ಳ, ಅದನ್ನು ಕೂಡುವ ತುಪ್ಪರಿಹಳ್ಳ ಎಂಬ ಹೆಸರುಗಳು ಈ ಮೆದುವಾದ ಕೆಸರಿನಿಂದಲೇ ಬಂದವೋ ಏನೋ, ಹೆಸರಿನ ಮೂಲವನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ.) ಈ ಮಣ್ಣಿನ ಅರ್ಧಕ್ಕೂ ಹೆಚ್ಚಿನ ಪಾಲು ಜೇಡಿಯ ಕಣಗಳು; ಒಂದೊಂದರ ಅಡ್ಡಳತೆ ಮಿಲಿಮೀಟರಿನ ಐನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅವುಗಳಲ್ಲಿ ಮುಖ್ಯವಾದ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಎಂಬ ಊರಿನಿಂದ ಬಂದುದು. ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ಪದರಗಳಿವೆ. ಒಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಪದರಗಳ ನಡುವಣ ಬಂಧನ ಸಡಿಲವಾದುದರಿಂದ ನೀರಿನ ಅಣುಗಳು ಅವುಗಳ ನಡುವೆ ಹೊಕ್ಕು ಹಾಳೆಯಿಂದ ಹಾಳೆಯನ್ನು ದೂಡುತ್ತವೆ. ಒದ್ದೆಯಾದ ಪುಸ್ತಕ ಉಬ್ಬುವುದಿಲ್ಲವೆ? ಹಾಗೆಯೇ. ಶುದ್ಧವಾದ ಈ ಖನಿಜದ ಒಂದೇ ಒಂದು ಗ್ರಾಮನ್ನು ತೆಗೆದುಕೊಂಡು ಅದರ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಆಗುವ ಹರವು 700 ಚದರ ಮೀಟರಿಗೂ ಹೆಚ್ಚು. ನಮ್ಮ ರೈತರ ಲೆಕ್ಕದಲ್ಲಿ ಸುಮಾರು ಏಳು ಗುಂಟೆ! ಒಂದು ಚಿಟಿಕೆ ಮಣ್ಣಿಗೆ ಏಳು ಗುಂಟೆಯ ಮೈ. ಇಷ್ಟು ಮೈಗೆ ಎಷ್ಟು ನೀರು ಅಂಟಿಕೊಳ್ಳಬಹುದೆಂಬುದನ್ನು ಊಹಿಸಬಹುದು.

ಬೆಳೆ ಹೀರಿ, ಬಿಸಿಲು ಹೀರಿ ಈ ನೀರು ಹೋದಮೇಲೆ ಪದರಗಳು ಮತ್ತೆ ಹತ್ತಿರವಾಗುತ್ತವೆ, ಮಣ್ಣು ಕುಗ್ಗುತ್ತದೆ. ಕೆಳಮುಖವಾಗಿ ಕುಗ್ಗಲು ಅಡ್ಡಿಯಿಲ್ಲ. ನೆಲ ಕೊಂಚ ಕುಸಿಯುತ್ತದೆ ಅಷ್ಟೆ. ಆದರೆ ಅಡ್ಡಲಾಗಿ ಕುಗ್ಗಬೇಕಾದರೆ ಇಡೀ ಹೊಲವೇ ಒಂದು ಮೂಲೆಗೆ ಸರಿಯಬೇಕಾದೀತು. ಅದು ಆಗದ ಮಾತು. ಎಳೆತ ಹೆಚ್ಚಿ ಹೆಚ್ಚಿ ಮಣ್ಣು ಹರಿಯುತ್ತದೆ. ಹಿಮನದಿಯ ಮೈ ಸೀಳುವುದೂ ಎಳೆತದಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಬಿರುಕುಗಳ ಹೊಟ್ಟೆ ಎಷ್ಟು ದೊಡ್ಡದು? ಒಂದು ಊಹೆಯ ಲೆಕ್ಕ ಮಾಡೋಣ. ಹೊಲವು ಒಂದೊಂದು ಮೀಟರಿನ ಚೌಕಗಳಾಗಿ ಸೀಳಿದೆ ಎನ್ನಿ. ಬಿರುಕು ಮೇಲೆ 4 ಸೆಂಟಿಮೀಟರು ಅಗಲವಾಗಿದ್ದು ಒಂದು ಮೀಟರು ಆಳದಲ್ಲಿ ಮೊನಚಾಗಿ ಮುಗಿಯುತ್ತದೆ ಎನ್ನಿ. ಒಂದೊಂದು ಬಿರುಕಿಗೂ ಎರಡು ಚೌಕಗಳು ಪಾಲುದಾರರಾದುದರಿಂದ ಚದರ ಮೀಟರಿಗೆ 2 ಮೀಟರು ಉದ್ದದ ಬಿರುಕು ಬಂದಿತು. ಅದರ ಗಾತ್ರ 0.04 ಘನಮೀಟರು, ಅಂದರೆ 40 ಲೀಟರು. ಇದು 40 ಮಿಲಿಮೀಟರು ಮಳೆಗೆ ಸಮ. ಒಂದು ಎಕರೆಗೆ ಸುಮಾರು 1 ಲಕ್ಷ 60 ಸಾವಿರ ಲೀಟರು. ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಮಳೆ ಕಾಣುವ ನವಲಗುಂದದಲ್ಲಿ ಇದು ಅಲಕ್ಷಿಸುವ ಮೊತ್ತವಲ್ಲ. ಬೇಸಗೆಯ ಅಡ್ಡಮಳೆ ಎಷ್ಟೇ ರಭಸವಾಗಿ ಹೊಡೆದರೂ ಬೆಣ್ಣೆಹಳ್ಳದಲ್ಲಿ ನೀರು ಕಾಣದಿರುವುದು ಇದಕ್ಕಾಗಿಯೇ.

ಬಿರುಕಿನ ಮಹಿಮೆ ಅದರ ಗಾತ್ರದಲ್ಲಷ್ಟೇ ಇಲ್ಲ. ಕಿರಿದಾದ ಸೀಳಿನಲ್ಲಿ ಶಾಂತವಾಗಿ ಹರಿಯುವ ನೀರಿನ ಪ್ರಮಾಣ ಸೀಳಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲ ಅರ್ಧವಾದರೆ ಹರಿವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತನೆಯ ಒಂದು ಭಾಗವಾದರೆ ಸಾವಿರದಲ್ಲೊಂದು ಭಾಗಕ್ಕೆ. ಈ ನಿಯಮ ಹಿಮಗಡ್ಡೆಗೂ ಮಣ್ಣಿಗೂ ಒಂದೇ. ಆದುದರಿಂದ ಬಿರುಕು ಇಷ್ಟಿಷ್ಟೇ ಮುಚ್ಚಿಕೊಂಡರೂ ನೀರಿನ ಹಾದಿ ಅಷ್ಟಷ್ಟೇ ಕಡಿಮೆಯಾಗದೆ ಥಟ್ಟನೆ ಇಲ್ಲವಾಗುತ್ತದೆ.

ಮುಂಗಾರಿನ ಮೊದಲ ನೀರು ಬಿರುಕಿನ ಗೋಡೆಗಳನ್ನು ಹಾದು ನೇರವಾಗಿ ತಳಕ್ಕೆ ಹೋಗುತ್ತದೆ. ಮೇಲಿನ ಅರ್ಧ ಅಡಿ ಮಣ್ಣು ಇನ್ನೂ ಒಣಗಿರುವಾಗಲೇ ಮೂರಡಿ ಕೆಳಗೆ ತೇವ ಸೇರಿರುವುದನ್ನು ಅಗೆದು ನೋಡಿದವರು ಬಲ್ಲರು. ಆಮೇಲೆ ಗೋಡೆಗಳು ನೀರು ಕುಡಿದು ಉಬ್ಬತೊಡಗುತ್ತವೆ. ಕೆಳಗಿನಿಂದಲೂ ಮೇಲಿನಿಂದಲೂ ಬಿರುಕು ಇಕ್ಕಟ್ಟಾಗುತ್ತದೆ. ಹಲವು ವೇಳೆ ಮೇಲ್ಬಾಯಿ ಮೊದಲು ಮುಚ್ಚಿ ನಡುವೆ ಪೊಳ್ಳು ಉಳಿಯುವುದೂ ಉಂಟು. ಕೆಲವು ಹದವಾದ ಮಳೆಗಳು ಆಗುವ ಹೊತ್ತಿಗೆ ಏಪ್ರಿಲಿನಲ್ಲಿ ಬಡಿಗೆ ನುಂಗಿದ ಜಾಗದಲ್ಲಿ ಸೂಜಿ ಇಳಿಯದು. ಹಿಮನದಿಯಲ್ಲಿ ನೀರು ಹರಿದಷ್ಟೂ ದಾರಿ ಅಗಲವಾಗುವುದನ್ನು ಕಂಡೆವು. ಎರೆಭೂಮಿಯಲ್ಲಿ ನೀರು ತಾನು ಬಂದ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿ ಋತುವಿನ ಕೊನೆಗೆ ಸುರಂಗಜಾಲ. ಇಲ್ಲಿ ಋತುವಿನ ಕೊನೆಗೆ ಮುಚ್ಚಿದ ಕದ.

ಕದ ಮುಚ್ಚಿದ ಮೇಲೆ ನೀರು ಇಳಿಯುವುದು ಡಾರ್ಸಿಯ ನಿಯಮದ ಪ್ರಕಾರ, ಕಣಕಣಗಳ ನಡುವಣ ಸಂದಿಗಳಲ್ಲಿ. ಅದರ ವೇಗ ದಿನಕ್ಕೆ ಕೆಲವು ಮಿಲಿಮೀಟರು. ಇಂತಹ ನೆಲದ ಮೇಲೆ ಒಂದು ರಾತ್ರಿಯಲ್ಲಿ 80–100 ಮಿಲಿಮೀಟರು ಮಳೆ ಬಿದ್ದರೆ ಏನಾದೀತು? ಆ ನೀರಿಗೆಲ್ಲ ಇರುವುದು ಒಂದೇ ದಾರಿ. ಶಿಗ್ಗಾವಿ ತಾಲ್ಲೂಕಿನ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ, ನವಲಗುಂದಗಳ ಎರೆಯನ್ನು ಹಾದು ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳ ಬೇಸಗೆಯಲ್ಲಿ ದಾಟುವವರ ಪಾದವನ್ನೂ ನೆನೆಸಲಾರದು. ಮಳೆಗಾಲದ ಹಿಂಬದಿಯಲ್ಲಿ ಅದೇ ಹಳ್ಳ ದಡ ಮೀರಿ ಮೈಲಿಗಟ್ಟಲೆ ಹೊಲಗಳ ಮೇಲೆ ಹರಡುತ್ತದೆ. 2009ರಲ್ಲಿಯೂ 2019ರಲ್ಲಿಯೂ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಗಳಲ್ಲಿ ಈ ಹಳ್ಳದ ದಂಡೆಯ ಹಳ್ಳಿಗಳೂ ನೊಂದವು. ಬಯಲು ಚಪ್ಪಟೆಯಾದುದರಿಂದ ಹತ್ತಿದ ನೀರು ಬೇಗ ಇಳಿಯುವುದೂ ಇಲ್ಲ. ಬರಗಾಲದ ತಾಲ್ಲೂಕು ಎಂದು ಹೆಸರಾದ ಊರಿನಲ್ಲಿ ನೆರೆಯೇ ಎಂದು ಹೊರಗಿನವರು ಆಶ್ಚರ್ಯಪಡುತ್ತಾರೆ. ಎರಡಕ್ಕೂ ಕಾರಣ ಒಂದೇ ಮಣ್ಣೆಂಬುದು ಅವರಿಗೆ ತಿಳಿಯದು.

ಆದರೆ ಈ ಮಣ್ಣನ್ನು ಬರಿದೆ ದೂರುವುದು ನ್ಯಾಯವಲ್ಲ. ಒಳಗೆ ಸೇರಿದ ನೀರನ್ನು ಅದು ಜಿಪುಣನಂತೆ ಕಾಯ್ದುಕೊಳ್ಳುತ್ತದೆ. ಚೆನ್ನಾಗಿ ನೆನೆದ ಒಂದು ಮೀಟರು ಆಳದ ಎರೆಮಣ್ಣಿನಲ್ಲಿ ಬೆಳೆಗೆ ದಕ್ಕುವ ನೀರೇ 150ರಿಂದ 200 ಮಿಲಿಮೀಟರು. 200 ಎಂದು ಹಿಡಿದರೆ ಎಕರೆಗೆ 8 ಲಕ್ಷ ಲೀಟರು. ಇದನ್ನು ನಂಬಿಯೇ ನವಲಗುಂದ–ಅಣ್ಣಿಗೇರಿಗಳ ರೈತ ಹಸ್ತಾ–ಚಿತ್ತಾ ಮಳೆಗಳ ಹೊತ್ತಿಗೆ ಕೂರಿಗೆ ಹೂಡುತ್ತಾನೆ. ಆಮೇಲೆ ಒಂದು ಹನಿ ಬೀಳದಿದ್ದರೂ ಕಡಲೆ, ಜೋಳಗಳು ಚಳಿಗಾಲವನ್ನೆಲ್ಲ ಆ ಉಗ್ರಾಣದ ಮೇಲೆ ಕಳೆಯುತ್ತವೆ. ಒಣಬೇಸಾಯದ ಕಡಲೆಯಲ್ಲಿ ಹೆಸರಾದ ‘ಅಣ್ಣಿಗೇರಿ-1’ ತಳಿ ಇಂತಹ ನೆಲದ ಕೂಸು. ಒಂದು ತೊಡಕೂ ಉಂಟು. ಏಳು ಗುಂಟೆಯ ಮೈಗೆ ಬಿಗಿಯಾಗಿ ಅಂಟಿದ ನೀರಿನಲ್ಲಿ ಒಂದು ದೊಡ್ಡ ಪಾಲನ್ನು ಯಾವ ಬೇರೂ ಕೀಳಲಾರದು. ಮುಟ್ಟಿದರೆ ತಂಪೆನಿಸುವ ಮಣ್ಣಿನಲ್ಲಿ ಬೆಳೆ ಬಾಡಿ ನಿಂತಿರುವುದನ್ನು ಇಲ್ಲಿ ಕಾಣಬಹುದು.

ಡಿಸೆಂಬರಿನಲ್ಲಿ ಬಿರುಕುಗಳು ಮತ್ತೆ ಬಾಯ್ದೆರೆಯತೊಡಗಿದಾಗ ಅವು ಶತ್ರುಗಳು. ಈಗ ನೀರು ಒಳಗೆ ಹೋಗುವ ಬದಲು ಒಣಗಾಳಿ ಒಳಗೆ ಹೋಗಿ ಎರಡು ಮೂರು ಅಡಿ ಆಳದ ಹಸಿಯನ್ನು ಹೊತ್ತು ತರುತ್ತದೆ, ಬೇರುಗಳೂ ಹರಿಯುತ್ತವೆ. ರೈತ ಎಡೆಕುಂಟೆ ಹೊಡೆದು ಮೇಲಿನ ಎರಡು ಅಂಗುಲ ಮಣ್ಣನ್ನು ಪುಡಿಮಾಡಿ ಬಿರುಕುಗಳ ಬಾಯಿಗೆ ತುಂಬುತ್ತಾನೆ. ಕಳೆ ತೆಗೆಯುವುದು ಈ ಕೆಲಸದ ಅರ್ಧ ಉದ್ದೇಶ ಮಾತ್ರ. ಬಿರುಕು ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಿರಬೇಕು ಎಂಬ ಈ ವಿವೇಕ ಪುಸ್ತಕಗಳಿಗಿಂತ ಬಹು ಹಳೆಯದು.

ಇನ್ನು ಉಪ್ಪಿನ ಮಾತು. ನವಲಗುಂದದ ಸುತ್ತಿನ ಬಾವಿಗಳ ನೀರು ಬಹುಪಾಲು ಸವಳು. ಕುಡಿಯಲು ಜನರು ಕೆರೆಗಳನ್ನು ನಂಬಿ ಬಾಳಿದ್ದಾರೆ. ನೀರು ದಿನಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಸರಿಯುವಲ್ಲಿ ಕಲ್ಲುಮಣ್ಣುಗಳಿಂದ ಕರಗಿದ ಲವಣಗಳು ಹೊಳೆಗೆ ತೊಳೆದುಹೋಗುವುದಿಲ್ಲ. ಮೇಲೆ ಬಿಸಿಲು ವರ್ಷದಲ್ಲಿ ಆವಿಯಾಗಿಸಬಲ್ಲ ನೀರು ಬೀಳುವ ಮಳೆಯ ಎರಡು ಪಟ್ಟಿಗೂ ಹೆಚ್ಚು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಶತಮಾನಗಳ ಈ ಶೇಷ ಮಣ್ಣಿನ ಕೆಳಪದರಗಳಲ್ಲಿ ಮಲಗಿತ್ತು.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಬಲದಂಡೆ ಕಾಲುವೆಯ ನೀರನ್ನು ಈ ಬಯಲಿಗೆ ತಂದಾಗ ಮಲಗಿದ್ದ ಉಪ್ಪು ಎದ್ದಿತು. ನೀರು ಬಂದುದು ತಪ್ಪಲ್ಲ, ಅದಿಲ್ಲದೆ ಬದುಕಿಲ್ಲ. ಆದರೆ ಒಳಕ್ಕೆ ಹೋಗುವ ನೀರಿಗೆ ದಾರಿ ಮಾಡಿದಷ್ಟು ಆಸ್ಥೆಯಿಂದ ಹೊರಕ್ಕೆ ಬಸಿಯುವ ನೀರಿಗೆ ದಾರಿ ಮಾಡಲಿಲ್ಲವೆಂದೇ ನಮ್ಮ ಅಭಿಪ್ರಾಯ. ಸದಾ ನೀರುಂಡ ಹೊಲದಲ್ಲಿ ಅಂತರ್ಜಲ ಮೇಲೇರುತ್ತದೆ. ಅದು ಮೇಲ್ಮೈಗೆ ಒಂದೂವರೆ ಮೀಟರಿನಷ್ಟು ಹತ್ತಿರ ಬಂದರೆ ಸಾಕು, ಉಳಿದ ಕೆಲಸವನ್ನು ಕೇಶಾಕರ್ಷಣೆ ಮಾಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದರಿಂದಲೇ. ಮಿಲಿಮೀಟರಿನ ನೂರರಲ್ಲೊಂದು ಭಾಗ ತ್ರಿಜ್ಯವುಳ್ಳ ಸಂದಿಯಲ್ಲಿ ನೀರು ಸುಮಾರು 1.5 ಮೀಟರು ಎತ್ತರಕ್ಕೆ ತಾನಾಗಿ ಏರಬಲ್ಲುದು. ಏರಿದ ನೀರು ಆರಿ, ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿಯ ಉಪ್ಪು ಉಳಿಯುತ್ತದೆ. ಸಿಹಿನೀರೂ ಬರಿಗೈಯಲ್ಲಿ ಬರುವುದಿಲ್ಲ: ಲೀಟರಿಗೆ ಕಾಲು ಗ್ರಾಂ ಲವಣವಿರುವ ನೀರನ್ನು ಒಂದು ಹಂಗಾಮಿಗೆ 500 ಮಿಲಿಮೀಟರು ಹಾಯಿಸಿದರೆ ಎಕರೆಗೆ ಐದು ಕ್ವಿಂಟಲಿನಷ್ಟು ಲವಣವನ್ನು ತಂದು ಸುರಿದಂತಾಯಿತು.

ಲವಣದಲ್ಲಿ ಸೋಡಿಯಂ ಪಾಲು ಹೆಚ್ಚಿದರೆ ಕೇಡು ಇಮ್ಮಡಿ. ಕ್ಯಾಲ್ಸಿಯಂ ಜೇಡಿಯ ಹಾಳೆಗಳನ್ನು ಕಂತೆಕಂತೆಯಾಗಿ ಹಿಡಿದಿಡುತ್ತದೆ. ಸೋಡಿಯಂ ಬಿಡಿಬಿಡಿಯಾಗಿ ಚದರಿಸುತ್ತದೆ. ಚದರಿದ ಕಣಗಳು ಉಳಿದ ಸಂದಿಗಳನ್ನೂ ಮುಚ್ಚಿಬಿಡುತ್ತವೆ. ಇದಕ್ಕೆ ಸಾಕ್ಷಿ ಬೇಕಾದವರು ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೋಡಬಹುದು. ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಯ ಮೇಲೆ ಸವಳು ಮಣ್ಣನ್ನೇ ಹುಡುಕಿ ತಂದು ಹರಡುವ ಪದ್ಧತಿ ಇತ್ತು. ನೀರು ಬಿದ್ದೊಡನೆ ಅದು ಮೆತ್ತಿಕೊಂಡು ಹನಿ ಇಳಿಯಗೊಡದು. ಚಾವಣಿಗೆ ವರವಾದ ಗುಣ ಹೊಲಕ್ಕೆ ಶಾಪ. ಸವಳು ಜವಳು ಎಂದು ಜೋಡಿಸಿ ಹೇಳುವ ನಾಣ್ನುಡಿಯಲ್ಲಿ ಉಪ್ಪು ಮತ್ತು ಜೌಗು ಎರಡೂ ಸೇರಿವೆ.

ಕಾಲುವೆಯ ನೀರು ಹೊಲಕ್ಕೆ ಬರಲಿ ಬಾರದಿರಲಿ ಅಭಿವೃದ್ಧಿ ಕರ ತೆರಬೇಕೆಂಬ ಒತ್ತಾಯದಿಂದ ರೊಚ್ಚಿಗೆದ್ದ ರೈತರು 1980ರ ಜುಲೈ 21ರಂದು ನವಲಗುಂದ–ನರಗುಂದಗಳಲ್ಲಿ ಬೀದಿಗಿಳಿದರು. ಗೋಲೀಬಾರಿನಲ್ಲಿ ಪ್ರಾಣಗಳು ಹೋದವು. ಕರ್ನಾಟಕದ ರೈತ ಚಳವಳಿಗೆ ಅದು ತಿರುವಾಯಿತು. ಆ ಇತಿಹಾಸವನ್ನು ಬರೆಯುವುದು ನಮ್ಮ ಕೆಲಸವಲ್ಲ. ಆದರೆ ಕಾಗದದ ಮೇಲೆ ಎಕರೆಗೆ ಇಷ್ಟು ನೀರು, ಇಷ್ಟು ಬೆಳೆ ಎಂದು ಗುಣಿಸುವವರು ಆ ನೀರು ಈ ಮಣ್ಣಿನಲ್ಲಿ ಹೇಗೆ ಚಲಿಸುತ್ತದೆಂಬುದನ್ನು ಮೊದಲು ವಿಚಾರಿಸಬೇಕಾಗಿತ್ತು ಎಂದು ಹೇಳುವಷ್ಟು ಅಧಿಕಾರ ವಿಜ್ಞಾನಕ್ಕೆ ಇದೆ.

ಕೆಟ್ಟ ನೆಲವನ್ನು ಸರಿಪಡಿಸುವ ಉಪಾಯಗಳು ಈ ವಿವರಣೆಯಿಂದಲೇ ಹೊಳೆಯುತ್ತವೆ. ಬಸಿಗಾಲುವೆ ತೋಡಿ, ಇಲ್ಲವೆ ನೆಲದಡಿಯಲ್ಲಿ ತೂತುಕೊಳವೆಗಳನ್ನು ಹುಗಿದು ಅಂತರ್ಜಲವನ್ನು ಇಳಿಸುವುದು; ಜಿಪ್ಸಂ ಹಾಕಿ ಅದರ ಕ್ಯಾಲ್ಸಿಯಂನಿಂದ ಸೋಡಿಯಂ ಅನ್ನು ಹೊರದೂಡುವುದು. ಬಸಿಯುವ ದಾರಿಯಿಲ್ಲದೆ ಜಿಪ್ಸಂ ಒಂದನ್ನೇ ಹಾಕಿದರೆ ಹೊರದೂಡಿದ ಸೋಡಿಯಂ ಹೋಗುವುದೆಲ್ಲಿಗೆ? ಒಣಬೇಸಾಯದ ಹೊಲಗಳಲ್ಲಿ ಕೃಷಿ ವಿಜ್ಞಾನಿಗಳು ಹೇಳುವುದು ಚೌಕು ಮಡಿ. ಹೊಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡ್ಡು ಕಟ್ಟಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸಿದರೆ, ದಿನಕ್ಕೆ ಮಿಲಿಮೀಟರುಗಳ ಲೆಕ್ಕದಲ್ಲಿ ಇಳಿಯುವ ನೀರಿಗೆ ಬೇಕಾದ ಬಿಡುವು ಸಿಗುತ್ತದೆ. ಮಿಕ್ಕಿ ಹರಿದುದನ್ನು ಕೃಷಿಹೊಂಡದಲ್ಲಿ ಹಿಡಿದರೆ, ಕೆಂಪುನೆಲದಲ್ಲಿ ಪ್ಲಾಸ್ಟಿಕ್ ಹಾಸು ಬೇಡುವ ಹೊಂಡಕ್ಕೆ ಎರೆನೆಲದಲ್ಲಿ ಉಬ್ಬಿದ ಜೇಡಿಯೇ ಹಾಸಾಗುತ್ತದೆ. ಹೊಲದಲ್ಲಿ ನೀರನ್ನು ಒಲ್ಲೆನೆಂದ ಗುಣವೇ ಹೊಂಡದಲ್ಲಿ ನೀರನ್ನು ಕಾಯುವುದು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲು ಮನಸ್ಸಾಗದು. ಬೇಸಗೆಯಲ್ಲಿ ಮೇಲಿನ ಹುಡಿಮಣ್ಣು ಉದುರಿ ಬಿರುಕುಗಳ ತಳ ಸೇರುತ್ತದೆ. ಮಳೆಗಾಲದಲ್ಲಿ ಮಣ್ಣು ಉಬ್ಬಿದಾಗ ಆ ಹುಡಿಗೆ ಜಾಗ ಸಾಲದೆ ಕೆಳಮಣ್ಣು ಓರೆಯಾಗಿ ಮೇಲಕ್ಕೆ ತಳ್ಳಲ್ಪಡುತ್ತದೆ. ಉಜ್ಜಿದ ಮುಖಗಳು ಎಣ್ಣೆ ಸವರಿದಂತೆ ಹೊಳೆಯುವುದನ್ನು ಬಾವಿ ತೋಡುವವರು ಕಾಣುತ್ತಾರೆ. ಹೀಗೆ ಈ ನೆಲ ತನ್ನನ್ನು ತಾನೇ ಉಳುತ್ತದೆ. ಬೇಲಿಯ ಕಂಬ ವಾಲುತ್ತದೆ, ಮನೆಯ ಗೋಡೆ ಬಿರಿಯುತ್ತದೆ, ಹೂತುಹೋದ ಕಲ್ಲು ಮೇಲೆ ಬರುತ್ತದೆ. ಹಿಮನದಿಯೂ ನುಂಗಿದ ಬಂಡೆಗಳನ್ನು ವರ್ಷಗಳ ಮೇಲೆ ಮೂತಿಯಲ್ಲಿ ಉಗುಳುವುದುಂಟು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ತಳದಲ್ಲಿ ಕೆಲವು ತೂತುಗಳನ್ನು ಮಾಡಿದ ಒಂದು ಅಗಲವಾದ ಡಬ್ಬಿಯಲ್ಲಿ ನಾಲ್ಕು ಅಂಗುಲ ದಪ್ಪಕ್ಕೆ ಎರೆಮಣ್ಣಿನ ಕೆಸರನ್ನು ತುಂಬಿ ಬಿಸಿಲಿನಲ್ಲಿಡಿ. ಬಿರುಕುಗಳು ತಳಮುಟ್ಟಿದ ಮೇಲೆ ಒಂದು ಲೋಟ ಬಣ್ಣದ ನೀರನ್ನು ಸುರಿದು, ಕೆಳಗಿನ ತಟ್ಟೆಗೆ ಅದು ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಿ. ಅರ್ಧ ಗಂಟೆಗೊಮ್ಮೆ ಇನ್ನೊಂದೊಂದು ಲೋಟ ಸುರಿಯುತ್ತ ಬನ್ನಿ. ಸೆಕೆಂಡುಗಳು ನಿಮಿಷಗಳಾಗುತ್ತವೆ, ಕೊನೆಗೆ ನೀರು ಮೇಲೆಯೇ ನಿಲ್ಲುತ್ತದೆ. ಅನಂತರ ಡಬ್ಬಿಯನ್ನು ಮತ್ತೆ ಬಿಸಿಲಿನಲ್ಲಿಟ್ಟು, ಎರಡನೆಯ ಸಲದ ಬಿರುಕುಗಳು ಹಳೆಯ ಜಾಗಗಳಲ್ಲಿಯೇ ತೆರೆಯುತ್ತವೆಯೋ ಹೊಸ ದಾರಿ ಹುಡುಕುತ್ತವೆಯೋ ನೋಡಿ. ಮೊದಲ ಸಲದ ಬಿರುಕುಗಳ ನಕ್ಷೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರುವುದು ಒಳ್ಳೆಯದು. ನೀರು ಸುರಿದ ಮೇಲೆ ಅದರ ಗುರುತೂ ಉಳಿದಿರುವುದಿಲ್ಲ.